ಕಳಂಬೋಲಿಯ ಕೂಸುಗಳ ಹಸಿವು: ನಮ್ಮ ಮನೆಗಳಿಂದ ಆಗಬೇಕಾದುದೇನು?

ಕಳಂಬೋಲಿ ಎಂದೊಡನೆ ವಾಚಕರ ಕಣ್ಣೆದುರಿಗೆ ಬರುವುದು ಕಬ್ಬಿಣ-ಉಕ್ಕಿನ ಮಾರುಕಟ್ಟೆ, ಸಾಲುಗಟ್ಟಿ ನಿಂತ ಲಾರಿಗಳು, ಪುಣೆಯ ಎಕ್ಸ್‌ಪ್ರೆಸ್ ಹೆದ್ದಾರಿಯ ಆರಂಭಸ್ಥಾನ, ಮತ್ತು ಸರ್ಕಲಿನ ಆಸುಪಾಸಿನಲ್ಲಿ ಹೊತ್ತುಗೊತ್ತಿಲ್ಲದೆ ಹೊಗೆಯಾಡುವ ಉಪಾಹಾರಗೃಹಗಳು. ಇಷ್ಟೊಂದು ಒಲೆಗಳು ಉರಿಯುವ ಊರಿನಲ್ಲಿ ಹಸಿವೆಂಬ ಮಾತಿಗೆ ಎಡೆಯುಂಟೆಂದು ಮೇಲ್ನೋಟಕ್ಕೆ ಯಾರಿಗೂ ತೋರದು. ದೊಡ್ಡವರ ಮಟ್ಟಿಗೆ ಅದು ಬಹುಪಾಲು ನಿಜವೇ. ದುಡಿಯುವ ಗಂಡಾಳಿಗೆ ಇಲ್ಲಿ ಒಂದು ವಡಾಪಾವ್ ಆದರೂ ದೊರೆತೀತು. ನಾವು ಇಂದು ಬರೆಯಹೊರಟಿರುವುದು ವಡಾಪಾವ್ ತಿನ್ನಲಾರದವರ ವಿಷಯ: ಹಲ್ಲು ಬಂದಿರದ, ಬಂದರೂ ಅಗಿಯಲು ಕಲಿಯದ, ಹಸಿವಾಯಿತೆಂದು ಬಾಯಿಬಿಟ್ಟು ಹೇಳಲಾರದ ಕೂಸುಗಳ ವಿಷಯ.

ಈ ಕೂಸುಗಳಲ್ಲಿ ನಮ್ಮವು ಎಷ್ಟು? ಪ್ರಶ್ನೆಯ ಬಿಗಿಯೆಲ್ಲ 'ನಮ್ಮವು' ಎಂಬ ಮಾತಿನಲ್ಲಿದೆ. ಕಳಂಬೋಲಿ, ಪನವೇಲು, ಕಾಮೋಠೆಗಳ ಕನ್ನಡಿಗರಲ್ಲಿ ಉಡುಪಿ ಮತ್ತು ದಕ್ಷಿಣ ಕನ್ನಡದಿಂದ ಬಂದ ಹೋಟೆಲಿನವರಿದ್ದೇವೆ; ಸಾರಿಗೆ ಕಚೇರಿ, ಬ್ಯಾಂಕು, ಗೋದಾಮುಗಳ ಗುಮಾಸ್ತರಿದ್ದೇವೆ. ನಮಗೆ ಸಂಘಗಳಿವೆ, ವಾರ್ಷಿಕೋತ್ಸವಗಳಿವೆ, ಓದಲು ಪತ್ರಿಕೆಯಿದೆ. ಆದರೆ ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳಿಂದ ಕುಟುಂಬಸಮೇತ ಬಂದು ಕಟ್ಟಡದ ಕೆಲಸ, ರಸ್ತೆಯ ಕೆಲಸ, ಹೊರೆಯ ಕೆಲಸ ಮಾಡುವ ಮತ್ತೊಂದು ಕನ್ನಡಿಗ ಸಮೂಹವೂ ಇದೆ. ಅವರು ಸಂಘದ ಸದಸ್ಯರಲ್ಲ. ನಮ್ಮ ಕರಾವಳಿಯವರು ಅವರನ್ನು 'ಘಟ್ಟದವರು' ಎಂದು ಒಂದೇ ಮಾತಿನಲ್ಲಿ ದೂರವಿರಿಸುತ್ತಾರೆ. ಅವರು ಆಡುವುದು ಕನ್ನಡವಾದರೂ ಸಮಾರಂಭದ ಆಮಂತ್ರಣಪತ್ರಿಕೆ ಅವರ ಗುಡಿಸಲಿಗೆ ಹೋಗುವುದಿಲ್ಲ. ಕೂಸುಗಳ ಹಸಿವು ಹೆಚ್ಚಾಗಿ ಅಡಗಿರುವುದು ಅಂತಹ ಗುಡಿಸಲುಗಳಲ್ಲಿಯೇ.

ಅಂಕೆಗಳನ್ನು ಸ್ವಲ್ಪ ನೋಡೋಣ. 2019-21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಮಹಾರಾಷ್ಟ್ರದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 35.2 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ, ಶೇಕಡಾ 25.6 ಮಂದಿ ಎತ್ತರಕ್ಕೆ ತಕ್ಕ ತೂಕವಿಲ್ಲದೆ ಸೊರಗಿದ್ದಾರೆ. ಕರ್ನಾಟಕದಲ್ಲಿ ಇವೇ ಅಂಕೆಗಳು 35.4 ಮತ್ತು 19.5. ಬಿಟ್ಟುಬಂದ ರಾಜ್ಯದಲ್ಲಿ ಐದು ಮಕ್ಕಳಿಗೊಂದು ಸೊರಗಿದ್ದರೆ, ಬಂದು ಸೇರಿದ ರಾಜ್ಯದಲ್ಲಿ ನಾಲ್ಕಕ್ಕೊಂದು ಸೊರಗಿದೆ ಎಂದಾಯಿತು. ಆರು ತಿಂಗಳಿನಿಂದ ಎರಡು ವರ್ಷದೊಳಗಿನ ಮಕ್ಕಳಲ್ಲಿ ಸಾಕಷ್ಟು ಮತ್ತು ಸರಿಯಾದ ಆಹಾರ ದೊರೆಯುವವರು ಇಡೀ ದೇಶದಲ್ಲಿ ನೂರಕ್ಕೆ ಸುಮಾರು ಹನ್ನೊಂದು ಮಾತ್ರ. ಈ ಕಡೆಯ ಅಂಕೆಯನ್ನು ವಾಚಕರು ಇನ್ನೊಮ್ಮೆ ಓದಬೇಕೆಂದು ನಮ್ಮ ಬಿನ್ನಹ. ಉಳಿದ ಎಂಬತ್ತೊಂಬತ್ತು ಮಂದಿಯೆಲ್ಲ ಬಡವರ ಮಕ್ಕಳೇ ಆಗಿರಲು ಸಾಧ್ಯವಿಲ್ಲವಷ್ಟೆ. ಬಿಸ್ಕೀಟು, ಚಿಪ್ಸು ತಿಂದು ಊಟ ಬೇಡವೆನ್ನುವ ಗುಮಾಸ್ತರ ಮನೆಯ ಮಗುವೂ ಆ ಲೆಕ್ಕದಲ್ಲಿ ಸೇರಿದೆ.

ಹಸಿವಿನಿಂದ ಮಗು ಸತ್ತಿತೆಂದು ಯಾವ ದಾಖಲೆಯಲ್ಲಿಯೂ ಸಾಮಾನ್ಯವಾಗಿ ಬರೆದಿರುವುದಿಲ್ಲ. ಭೇದಿಯೆಂದೋ, ನ್ಯುಮೋನಿಯಾ ಎಂದೋ, ದಡಾರವೆಂದೋ ಬರೆದಿರುತ್ತದೆ. ಐದು ವರ್ಷದೊಳಗಿನ ಮಕ್ಕಳ ಸಾವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಹಿನ್ನೆಲೆಯಲ್ಲಿ ನ್ಯೂನಪೋಷಣೆಯಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸೊರಗಿದ ಮೈಯಲ್ಲಿ ಸಣ್ಣ ರೋಗವೂ ಕಾಲೂರಿ ನಿಲ್ಲುವುದೇ ಇದಕ್ಕೆ ಕಾರಣ. 1992ರ ಸುಮಾರಿಗೆ ಅಂದಿನ ಠಾಣೆ ಜಿಲ್ಲೆಯ ಜವ್ಹಾರ ತಾಲೂಕಿನ ವಾವರ-ವಾಂಗಣಿಯಲ್ಲಿ ಆದಿವಾಸಿ ಮಕ್ಕಳು ಸಾಲುಸಾಲಾಗಿ ಸತ್ತಾಗ ಮಹಾರಾಷ್ಟ್ರ ಬೆಚ್ಚಿಬಿದ್ದಿತು. 2011ರಲ್ಲಿ ರಾಯಚೂರು ಜಿಲ್ಲೆಯ ಮಕ್ಕಳ ಅಪೌಷ್ಟಿಕತೆಯ ಸುದ್ದಿ ಕರ್ನಾಟಕದ ಉಚ್ಚ ನ್ಯಾಯಾಲಯದವರೆಗೂ ಹೋಗಿ, ನ್ಯಾಯಮೂರ್ತಿ ಎನ್. ಕೆ. ಪಾಟೀಲರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. ಅದೇ ರಾಯಚೂರಿನ ಕಡೆಯಿಂದ ಬರಗಾಲದ ವರ್ಷಗಳಲ್ಲಿ ರೈಲು ಹತ್ತುವವರೇ ನಮ್ಮ ನಾಕಾಗಳಲ್ಲಿ ಬೆಳಗಿನ ಏಳು ಗಂಟೆಗೆ ಕೂಲಿಗಾಗಿ ನಿಂತಿರುತ್ತಾರೆ. ಗಂಡಹೆಂಡಿರಿಬ್ಬರೂ ಕೆಲಸಕ್ಕೆ ಹೋದರೆ ಕೂಸಿನ ಪಾಲಿಗೆ ಉಳಿಯುವುದು ಏಳೆಂಟು ವರ್ಷದ ಅಕ್ಕ, ಐದು ರೂಪಾಯಿಯ ಬಿಸ್ಕೀಟಿನ ಪೊಟ್ಟಣ ಮತ್ತು ಆರಿದ ಚಹ.

ಹಾಗಾದರೆ ದೇಶದಲ್ಲಿ ಧಾನ್ಯವಿಲ್ಲವೆ? ಇದೆ. ಒಂದು ಕಾಲದಲ್ಲಿ ಅದು ಗೋದಾಮಿನಲ್ಲಿ ಕೊಳೆಯುತ್ತಿತ್ತು. 2001ರಲ್ಲಿ ರಾಜಸ್ಥಾನದಲ್ಲಿ ಸರಕಾರಿ ಗೋದಾಮುಗಳು ತುಂಬಿ ತುಳುಕುತ್ತಿರಲು ಸಮೀಪದ ಹಳ್ಳಿಗಳಲ್ಲಿ ಜನರು ಅನ್ನವಿಲ್ಲದಿರುವುದನ್ನು ಕಂಡು ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಸ್ಥೆಯವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಆ ಮೊಕದ್ದಮೆಯಲ್ಲಿ 2001ರ ನವೆಂಬರ್ 28ರಂದು ಹೊರಟ ಆಜ್ಞೆಯ ಫಲವಾಗಿಯೇ ಇಂದು ದೇಶದ ಸರಕಾರಿ ಶಾಲೆಗಳಲ್ಲಿ ಬೇಯಿಸಿದ ಬಿಸಿಯೂಟ ನಡೆದಿದೆ. 2013ರಲ್ಲಿ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆ ಬಂದ ಮೇಲೆ ಆರು ತಿಂಗಳಿನಿಂದ ಆರು ವರ್ಷದವರೆಗಿನ ಪ್ರತಿಯೊಂದು ಮಗುವಿಗೂ ಸಮೀಪದ ಅಂಗನವಾಡಿಯಿಂದ ವಯಸ್ಸಿಗೆ ತಕ್ಕ ಆಹಾರ ಉಚಿತವಾಗಿ ದೊರೆಯುವುದು ಹಕ್ಕಾಯಿತು. ಮಗು ಯಾವ ರಾಜ್ಯದ್ದು, ತಾಯಿಯ ಮಾತು ಯಾವುದು ಎಂಬ ಷರತ್ತು ಆ ಕಾಯಿದೆಯಲ್ಲಿಲ್ಲ.

ಧಾನ್ಯವಿದೆ, ಕಾಯಿದೆಯೂ ಇದೆ, ಆದರೂ ಗುಡಿಸಲಿನ ಕೂಸಿಗೆ ತುತ್ತು ತಲುಪುವುದಿಲ್ಲ. ನಡುವೆ ಕಡಿದುಹೋದ ಕೊಂಡಿ ಯಾವುದೆಂದು ನಾವು ಬಹಳ ದಿನಗಳಿಂದ ಯೋಚಿಸುತ್ತ ಬಂದಿದ್ದೇವೆ. ಆ ಕೊಂಡಿ ಭಾಷೆ. ಜೇವರ್ಗಿಯ ಕಡೆಯಿಂದ ಬಂದ ತರುಣಿಗೆ ಮರಾಠಿ ಬಾರದು. ಅಂಗನವಾಡಿಯ ಸೇವಿಕೆಗೆ ಕನ್ನಡ ಬಾರದು. ಇಲ್ಲಿ ಸೇವಿಕೆಯನ್ನು ಎಲ್ಲರೂ 'ತಾಈ' ಎಂದು ಕರೆಯುತ್ತಾರೆ. ಮರಾಠಿಯಲ್ಲಿ ಅದಕ್ಕೆ ಅಕ್ಕನೆಂದು ಅರ್ಥ, ನಮ್ಮ ಕಿವಿಗೆ ತಾಯಿಯೆಂದು ಕೇಳಿಸುತ್ತದೆ. ಎರಡೂ ಒಳ್ಳೆಯ ಮಾತುಗಳೇ. ಆದರೆ ಆ ಒಂದು ಮಾತಿನಾಚೆಗೆ ಅವರಿಬ್ಬರ ನಡುವೆ ಸಂಭಾಷಣೆ ಮುಂದುವರಿಯುವುದಿಲ್ಲ. ಸೇವಿಕೆ ಆಧಾರ್ ಎಂದು ಕೇಳಿದರೆ ಇವಳು ಹೆದರಿ ಮನೆಗೆ ಬರುತ್ತಾಳೆ. ನಾಳೆ ಬಾ ಎಂದರೆ ಇಲ್ಲವೆಂದರೆಂದು ತಿಳಿಯುತ್ತಾಳೆ. ನಾಳೆ ಕೂಲಿ ತಪ್ಪಿಸಿ ಹೋಗುವುದು ಅವಳಿಗೆ ಸಾಧ್ಯವೂ ಇಲ್ಲ.

ಈ ನಡುವಿನ ಸ್ಥಾನದಲ್ಲಿ ನಿಲ್ಲಲು ನಮ್ಮ ಮನೆಗಳಿಗಿಂತ ಯೋಗ್ಯರಾದವರು ಬೇರೆ ಯಾರಿದ್ದಾರೆ? ಇಪ್ಪತ್ತು ವರ್ಷಗಳಿಂದ ಸೆಕ್ಟರಿನ ಎರಡು ಕೋಣೆಗಳ ಮನೆಯಲ್ಲಿದ್ದು, ತರಕಾರಿಯವನೊಡನೆ ಮರಾಠಿಯಲ್ಲಿ ಚೌಕಾಶಿ ಮಾಡಿ, ಮಕ್ಕಳನ್ನು ಶಾಲೆಗೆ ಸೇರಿಸಿ, ಸೊಸಾಯಿಟಿಯ ಸಭೆಯಲ್ಲಿ ವಾದಿಸಿ ಪಳಗಿದ ನಮ್ಮ ಗೃಹಿಣಿಯರು ಸಾವಿರಾರು ಮಂದಿ ಇದ್ದಾರೆ. ಅಂತಹ ಒಬ್ಬಾಕೆ ವಾರದಲ್ಲಿ ಒಂದು ಮುಂಜಾನೆ ಒಬ್ಬ ತಾಯಿಯ ಜೊತೆಯಲ್ಲಿ ಅಂಗನವಾಡಿಯ ಬಾಗಿಲಿಗೆ ಹೋಗಿ, "ತಾಈ, ಈ ಮಗುವಿನ ಹೆಸರು ಬರೆದುಕೊಳ್ಳಿರಿ" ಎಂದು ಮರಾಠಿಯಲ್ಲಿ ಹೇಳಿದರೆ ಸಾಕು. ಚಂದಾ ಎತ್ತುವ ಅವಶ್ಯಕತೆಯಿಲ್ಲ. ಹೆಸರು ಬರೆಯಿಸಿದ ಮೇಲೆ ಮೂರು ವರ್ಷದೊಳಗಿನ ಮಗುವಿಗೆ ಮನೆಗೊಯ್ಯುವ ಆಹಾರದ ಪೊಟ್ಟಣ ದೊರೆಯುತ್ತದೆ. ಮೂರರಿಂದ ಆರರವರೆಗಿನ ಮಗುವಿಗೆ ಅಲ್ಲಿಯೇ ಬಿಸಿ ಊಟ. ಬಸುರಿ ಬಾಣಂತಿಯರಿಗೂ ಪಾಲುಂಟು. ಊರಿನ ಅಂಗನವಾಡಿಯಲ್ಲಿ ಮೊದಲೇ ಹೆಸರಿದ್ದರೆ, 2021ರಿಂದ ಬಳಕೆಗೆ ಬಂದಿರುವ ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ವ್ಯವಸ್ಥೆಯಲ್ಲಿ ಅದನ್ನು ಇಲ್ಲಿಗೆ ಬದಲಾಯಿಸಿಕೊಳ್ಳಲು ಅನುಕೂಲವಿದೆ. ಊರಿನ ಸೇವಿಕೆಗೆ ಕನ್ನಡದಲ್ಲಿ ಒಂದು ಫೋನು ಮಾಡಿ ವಿವರ ತರಿಸುವ ಕೆಲಸ ನಮ್ಮಿಂದಾಗದೆ?

ಸಮೀಪದಲ್ಲಿ ಅಂಗನವಾಡಿಯೇ ಇಲ್ಲವಾದರೆ? ಇಲ್ಲಿ ಗುಮಾಸ್ತ ಬಂಧುಗಳ ಲೇಖಣಿಗೆ ಕೆಲಸ ಬರುತ್ತದೆ. ಮೇಲೆ ಹೇಳಿದ ಮೊಕದ್ದಮೆಯಲ್ಲಿಯೇ 2006ರ ದಶಂಬರ 13ರಂದು ಸರ್ವೋಚ್ಚ ನ್ಯಾಯಾಲಯವು ಮತ್ತೊಂದು ಆಜ್ಞೆಯನ್ನು ಮಾಡಿತು. ಆರು ವರ್ಷದೊಳಗಿನ ಕನಿಷ್ಠ 40 ಮಕ್ಕಳಿರುವ ಯಾವುದೇ ವಸತಿಯಲ್ಲಿ, ಅದು ಕೊಳೆಗೇರಿಯಾದರೂ ಸರಿಯೇ, ಅಂಗನವಾಡಿ ಇಲ್ಲದಿದ್ದರೆ ನಿವಾಸಿಗಳು ಕೇಳಿದ ಮೂರು ತಿಂಗಳೊಳಗೆ ಅದನ್ನು ತೆರೆಯಬೇಕೆಂದು ಅದರಲ್ಲಿದೆ. ಕೇಳಿದ ಮೂರು ತಿಂಗಳು ಎಂಬ ಮಾತನ್ನು ಗಮನಿಸಬೇಕು. ಕೇಳದಿದ್ದರೆ ಮೂರು ತಿಂಗಳ ಎಣಿಕೆಯೇ ಆರಂಭವಾಗುವುದಿಲ್ಲ. ಒಂದು ಆದಿತ್ಯವಾರ ಇಬ್ಬರು ಗುಮಾಸ್ತರು ನೋಟುಪುಸ್ತಕ ಹಿಡಿದು ಗುಡಿಸಲಿನಿಂದ ಗುಡಿಸಲಿಗೆ ಹೋಗಿ ಮಗುವಿನ ಹೆಸರು, ವಯಸ್ಸು, ತಾಯಿಯ ಹೆಸರು ಬರೆದುಕೊಂಡು, ನಲವತ್ತರ ಪಟ್ಟಿಯನ್ನು ಅರ್ಜಿಗೆ ಲಗತ್ತಿಸಿ, ಬಾಲವಿಕಾಸ ಪ್ರಕಲ್ಪ ಅಧಿಕಾರಿಯ ಕಚೇರಿಯಲ್ಲಿ ಸಲ್ಲಿಸಿ, ನಕಲಿನ ಮೇಲೆ ಮೊಹರು ಹಾಕಿಸಿಕೊಂಡು ಬರಬಹುದು. ಲಾರಿ ಕಚೇರಿಯಲ್ಲಿ ದಿನವೂ ಬಿಲ್ಟಿ ಬರೆಯುವ ಕೈಗೆ ಇದು ಎಷ್ಟರ ಕೆಲಸ? ಮೊಹರಿನ ಮಹತ್ವವನ್ನು ಗುಮಾಸ್ತರಿಗೆ ನಾವು ಕಲಿಸಬೇಕಾದುದಿಲ್ಲ.

ದೊಡ್ಡ ಕಟ್ಟಡಗಳ ಕೆಲಸ ನಡೆಯುವಲ್ಲಿ ಇನ್ನೊಂದು ದಾರಿಯುಂಟು. ಕಟ್ಟಡ ಕಾರ್ಮಿಕರ ವಿಷಯವಾಗಿ 1996ರಲ್ಲಿ ಆದ ಕೇಂದ್ರದ ಕಾಯಿದೆ, ಐವತ್ತಕ್ಕೆ ಮೇಲ್ಪಟ್ಟು ಹೆಂಗಸರು ದುಡಿಯುವ ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಅವರ ಮಕ್ಕಳಿಗೆ ಶಿಶುಪಾಲನಾ ಕೋಣೆ ಇರಬೇಕೆಂದು ವಿಧಿಸಿತು. ಕಂತ್ರಾಟುದಾರರಿಗೆ ಇದನ್ನು ನೆನಪಿಸುವವರು ಬೇಕು. ಅವರಲ್ಲಿ ಹಲವರು ನಮ್ಮ ಹೋಟೆಲುಗಳ ಕಾಯಂ ಗಿರಾಕಿಗಳು. ಚಹದ ಮೇಜಿನಲ್ಲಿ ಮಾತು ತೆಗೆದರೆ ಕೇಳಿಯಾರು, ಕೇಳದೆಯೂ ಇದ್ದಾರು.

ರೇಷನಿನ ವಿಷಯ ಹೋಟೆಲಿನ ಕೆಲಸಗಾರರಿಗೂ ಸಂಬಂಧಿಸಿದುದು. ಊರಿನ ಕಾರ್ಡು ಊರಿನಲ್ಲೇ ಉಪಯೋಗವೆಂಬ ಹಳೆಯ ನಂಬಿಕೆ ನಮ್ಮಲ್ಲಿ ಇನ್ನೂ ಬಲವಾಗಿದೆ. ಅದು ಈಗ ನಿಜವಲ್ಲ. 2020ರ ಜನವರಿ 1ರಂದು 'ಒಂದು ರಾಷ್ಟ್ರ, ಒಂದು ರೇಷನ್ ಕಾರ್ಡ್' ವ್ಯವಸ್ಥೆಯಲ್ಲಿ ಹನ್ನೆರಡು ರಾಜ್ಯಗಳು ಜೋಡಣೆಯಾದಾಗ ಕರ್ನಾಟಕವೂ ಮಹಾರಾಷ್ಟ್ರವೂ ಅವುಗಳಲ್ಲಿದ್ದುವು. ಆಹಾರ ಭದ್ರತಾ ಕಾಯಿದೆಯ ಕೆಳಗೆ ಬರುವ ಕಾರ್ಡಿದ್ದು ಆಧಾರ್ ಜೋಡಿಸಿದ್ದರೆ ಯಾದಗಿರಿಯ ಕುಟುಂಬ ಕಳಂಬೋಲಿಯ ರೇಷನ್ ಅಂಗಡಿಯಲ್ಲಿ ಹೆಬ್ಬೆರಳೊತ್ತಿ ತನ್ನ ಧಾನ್ಯವನ್ನು ಪಡೆಯಬಹುದು. ಆದ್ಯತಾ ಕಾರ್ಡಿನಲ್ಲಿ ತಲೆಗೆ ತಿಂಗಳಿಗೆ ಐದು ಕಿಲೋ, 2023ರ ಜನವರಿಯಿಂದ ಉಚಿತವಾಗಿ. ಊರಿನಲ್ಲಿ ಉಳಿದ ಮುದುಕ ಮುದುಕಿಯರು ತಮ್ಮ ಪಾಲನ್ನು ಅಲ್ಲಿ ಎತ್ತಿಕೊಂಡು, ಇಲ್ಲಿ ಬಂದವರು ಉಳಿದ ಪಾಲನ್ನು ಇಲ್ಲಿ ಎತ್ತಿಕೊಳ್ಳುವುದಕ್ಕೂ ಅವಕಾಶವಿದೆ. ಕರ್ನಾಟಕ ಸರಕಾರ ತನ್ನ ಕಡೆಯಿಂದ ಕೊಡುವ ಹೆಚ್ಚಿನ ಪಾಲು ಮಾತ್ರ ಗಡಿ ದಾಟಿ ಬರುವುದಿಲ್ಲ. ನಾಲ್ಕು ಜನರ ಸಂಸಾರಕ್ಕೆ ಇಪ್ಪತ್ತು ಕಿಲೋ ಧಾನ್ಯ ಬಂದರೆ ಅಂಗಡಿಯಲ್ಲಿ ಅಕ್ಕಿ ಗೋಧಿ ಕೊಳ್ಳುವ ಹಣ ಉಳಿಯುತ್ತದೆ. ಆ ಹಣದಲ್ಲಿ ಬೇಳೆ, ಹಾಲು, ಮೊಟ್ಟೆಗೆ ದಾರಿಯಾಗುತ್ತದೆ. ಅಂಗಡಿಯವನು ಪರರಾಜ್ಯದ ಕಾರ್ಡು ನಡೆಯದೆಂದು ಹೇಳಿ ಕಳುಹಿಸಿಯಾನು. ಅಂತಹ ಸಮಯದಲ್ಲಿ ಪಕ್ಕದಲ್ಲಿ ಮರಾಠಿ ಬಲ್ಲವರೊಬ್ಬರು ನಿಂತಿದ್ದರೆ ಉತ್ತರ ಬದಲಾಗುವುದುಂಟು.

ಇನ್ನು ಅಡಿಗೆಯ ಮಾತು. ನಮ್ಮ ಆಯುಷ್ಯದ ಹೆಚ್ಚಿನ ಭಾಗ ಒಲೆಯ ಮುಂದೆ ಕಳೆದಿರುವುದರಿಂದ ಈ ವಿಷಯದಲ್ಲಿ ತುಸು ವಿಸ್ತಾರವಾಗಿ ಹೇಳುವ ಸಲಿಗೆಯನ್ನು ತೆಗೆದುಕೊಳ್ಳುತ್ತೇವೆ.

ಮಗುವಿನ ಹೊಟ್ಟೆ ಸಣ್ಣದು. ದೊಡ್ಡವರಂತೆ ಎರಡು ಹೊತ್ತು ಉಂಡು ಅದು ಬೆಳೆಯಲಾರದು. ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲೊಂದೇ ಸಾಕು, ನೀರೂ ಬೇಡ. ಆಮೇಲೆ ಎರಡು ವರ್ಷದವರೆಗೆ ಹಾಲಿನ ಜೊತೆಗೆ ಮೆತ್ತನೆಯ ಆಹಾರವನ್ನು ಸ್ವಲ್ಪಸ್ವಲ್ಪವಾಗಿ ನಾಲ್ಕಾರು ಸಲ ಉಣ್ಣಿಸಬೇಕು. ನಮ್ಮ ಹೆಂಗಸರು ಸಾಮಾನ್ಯವಾಗಿ ಗಂಜಿಯ ತಿಳಿಯನ್ನೋ ಬೇಳೆಯ ಕಟ್ಟನ್ನೋ ಕುಡಿಸಿ ಉಣಿಸಿದೆವೆಂದು ತೃಪ್ತಿಪಡುತ್ತಾರೆ. ಹೊಟ್ಟೆ ತುಂಬುವುದು ನೀರಿನಿಂದ, ಕಾಳು ಪಾತ್ರೆಯ ತಳದಲ್ಲೇ ಉಳಿಯುತ್ತದೆ. ಚಮಚವನ್ನು ಓರೆ ಮಾಡಿದರೆ ಜಾರಿ ಬೀಳದಷ್ಟು ದಪ್ಪವಿರಬೇಕು, ಮೇಲೆ ಒಂದು ಚಮಚ ಎಣ್ಣೆಯೋ ತುಪ್ಪವೋ ಬೀಳಬೇಕು. ಸಣ್ಣ ಹೊಟ್ಟೆಯಲ್ಲಿ ಹೆಚ್ಚು ಬಲ ಹಿಡಿಸಲು ಇದೇ ಉಪಾಯ. ಕರಾವಳಿಯವರಿಗೆ ರಾಗಿ ಮಣ್ಣಿ ಗೊತ್ತೇ ಇದೆ. ಬಯಲುಸೀಮೆಯ ತಾಯಿಗೆ ಜೋಳದ ನುಚ್ಚು ಕೈವಶವಾದ ಅಡಿಗೆ. ಅದಕ್ಕೆ ಹೆಸರುಬೇಳೆ ಸೇರಿಸಿ ಮೆತ್ತಗೆ ಬೇಯಿಸಿ, ಹುರಿದ ಶೇಂಗಾವನ್ನು ನುಣ್ಣಗೆ ಪುಡಿಮಾಡಿ ಬೆರಸಿದರೆ ಪೇಟೆಯ ಯಾವ ಡಬ್ಬಿಯ ಹಿಟ್ಟೂ ಅದಕ್ಕೆ ಸಮನಾಗದು. ಶೇಂಗಾವನ್ನು ಇಡಿಯಾಗಿ ಕೊಡಬಾರದು, ಗಂಟಲಿಗೆ ಸಿಕ್ಕೀತು.

ಚಹ-ಬಿಸ್ಕೀಟು ಕೂಸಿನ ಶತ್ರು. ಹೀಗೆ ಬರೆಯಲು ಹೋಟೆಲಿನವರಾದ ನಮಗೆ ಸಂಕೋಚವಾಗಬೇಕಾದರೂ ಬರೆಯದೆ ವಿಧಿಯಿಲ್ಲ. ಪಾತ್ರೆ ತೊಳೆಯಲು ಬರುವ ಹೆಂಗಸಿನ ಮಗು ಹಿತ್ತಲಿನಲ್ಲಿ ಕುಳಿತು ಅಳುತ್ತಿದ್ದರೆ ಕನಿಕರದಿಂದ ಅರ್ಧ ಕಪ್ಪು ಚಹ, ಎರಡು ಖಾರಿ ಕೊಡುವವರು ಪ್ರತಿಯೊಂದು ಹೋಟೆಲಿನಲ್ಲಿಯೂ ಇದ್ದಾರೆ. ಕನಿಕರ ಸರಿ, ವಸ್ತು ಸರಿಯಲ್ಲ. ಸಕ್ಕರೆ ಹಸಿವನ್ನು ಮುಚ್ಚುತ್ತದೆ. ಚಹದ ಒಗರು ಅನ್ನದಲ್ಲಿರುವ ಕಬ್ಬಿಣದ ಅಂಶ ಮೈಗೆ ಹಿಡಿಯದಂತೆ ಮಾಡುತ್ತದೆ. ಮಹಾರಾಷ್ಟ್ರದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 69 ಮಂದಿಗೆ ರಕ್ತಹೀನತೆಯಿರುವುದಾಗಿ ಅದೇ ಸಮೀಕ್ಷೆ ಹೇಳುತ್ತದೆ. ಅದೇ ಕನಿಕರದಿಂದ ಸಾಂಬಾರಿಗೆ ಖಾರ ಬೀಳುವ ಮೊದಲು ಒಂದು ಸೌಟು ಬೆಂದ ತೊಗರಿಬೇಳೆಯನ್ನು ತೆಗೆದಿರಿಸಿ, ಬಿಸಿ ಅನ್ನಕ್ಕೆ ಹಾಕಿ ಕಿವುಚಿ, ತುಸು ತುಪ್ಪದೊಡನೆ ಕೊಡಬಾರದೆ? ಅನೇಕ ಹೋಟೆಲುಗಳಲ್ಲಿ ಮುಂಜಾನೆಯ ಮೊದಲ ಕಾಫಿ ದೇವರ ಪಟದ ಮುಂದೆ ಇಡುವ ಪದ್ಧತಿಯಿದೆ. ಮೊದಲ ಸೌಟು ಬೇಳೆ ಹಿತ್ತಲಿನ ಕೂಸಿಗೆಂಬ ಪದ್ಧತಿಯನ್ನು ಭಟ್ಟರೂ ಮಾಲಕರೂ ಕೂಡಿ ಆರಂಭಿಸಿದರೆ ತಿಂಗಳ ಲೆಕ್ಕದಲ್ಲಿ ಅದರ ಖರ್ಚನ್ನು ಹುಡುಕಿ ತೆಗೆಯುವುದೂ ಕಷ್ಟ.

ಮೊಟ್ಟೆಯ ವಿಷಯದಲ್ಲಿಯೂ ಒಂದು ಮಾತು. ಶುದ್ಧ ಶಾಕಾಹಾರವೆಂಬ ಫಲಕ ಹಾಕಿ ಬದುಕಿದವರು ನಾವು, ಮೊಟ್ಟೆಯ ವಿಷಯದಲ್ಲಿ ನಮ್ಮ ಬಂಧುಗಳ ಮನಸ್ಸನ್ನು ಬಲ್ಲೆವು. ಆದರೆ ಹಸಿದ ಮಗುವಿನ ತಟ್ಟೆಯಲ್ಲಿ, ಅದರ ಮನೆಯವರು ತಿನ್ನುವ ಪದಾರ್ಥವಿದ್ದಾಗ, ನಮ್ಮ ಮಡಿಯನ್ನು ಅಡ್ಡ ತರುವುದು ಧರ್ಮವೆಂದು ನಮಗೆ ತೋರುವುದಿಲ್ಲ. 2021ರ ಕೊನೆಯಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಆರಂಭವಾದಾಗ ದೊಡ್ಡ ಗದ್ದಲವೇ ಆಯಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಕೊಡುವ ಏರ್ಪಾಡಿನೊಡನೆ ಅದು ಮುಂದೆ ಇಡೀ ರಾಜ್ಯಕ್ಕೆ ಹಬ್ಬಿತು. ಆಯ್ಕೆ ಮಗುವಿನ ಮನೆಯವರದಾಗಿರಲಿ.

ಅನ್ನದಾನ ನಮ್ಮ ಜನರ ರಕ್ತದಲ್ಲಿದೆ. ಧರ್ಮಸ್ಥಳದ ಅನ್ನಛತ್ರ, ಸಿದ್ಧಗಂಗೆಯ ದಾಸೋಹಗಳನ್ನು ಹೇಳಿ ಹೆಮ್ಮೆಪಡುತ್ತೇವೆ. ಮುಂಬಯಿಯಲ್ಲಿಯೂ ಪೂಜೆ, ಯಕ್ಷಗಾನ, ವಾರ್ಷಿಕೋತ್ಸವಗಳಲ್ಲಿ ಮಹಾ ಅನ್ನಸಂತರ್ಪಣೆ ನಡೆಯುತ್ತದೆ. ಆ ಪಂಕ್ತಿಯಲ್ಲಿ ಕುಳಿತವರನ್ನು ನೋಡಿದರೆ ಮನೆಯಲ್ಲಿ ಉಂಡು ಬಂದವರೇ ಹೆಚ್ಚು. ಉಳಿದುದನ್ನು ರಾತ್ರಿ ಹನ್ನೊಂದಕ್ಕೆ ಗುಡಿಸಲುಗಳಿಗೆ ಒಯ್ಯುವರು. ಮಧ್ಯಾಹ್ನ ಬೇಯಿಸಿದ ಅನ್ನ ಮುಂಬಯಿಯ ಸೆಕೆಯಲ್ಲಿ ರಾತ್ರಿಯ ಹೊತ್ತಿಗೆ ಏನಾಗಿರುವುದೆಂದು ಅಡಿಗೆಯವರಾದ ನಮಗೆ ಗೊತ್ತು. ದೊಡ್ಡವರು ತಡೆದುಕೊಂಡಾರು, ಸೊರಗಿದ ಕೂಸಿಗೆ ಒಂದು ಭೇದಿಯೇ ಸಾಕು, ತಿಂಗಳು ತಿಂದ ಅನ್ನವೆಲ್ಲ ಕರಗಿಹೋಗುವುದು. ಉಳಿದ ಅನ್ನವನ್ನು ಚಿಕ್ಕ ಮಕ್ಕಳಿಗೆ ಹಂಚಬಾರದೆಂದು ನಮ್ಮ ಸ್ಪಷ್ಟವಾದ ಅಭಿಮತ.

ದಾನ ಮಾಡಲೇಬೇಕೆನ್ನುವ ಮನೆಗಳಿಗೆ ಒಳ್ಳೆಯ ಮಾರ್ಗವೊಂದಿದೆ. ಗುಜರಾತಿನಲ್ಲಿ 'ತಿಥಿ ಭೋಜನ' ಎಂಬ ಹೆಸರಿನಲ್ಲಿ ಆರಂಭವಾದ ಪದ್ಧತಿಯು ಈಗ ಕೇಂದ್ರದ ಪಿ.ಎಂ. ಪೋಷಣ್ ಯೋಜನೆಯಲ್ಲಿ ಸೇರಿದೆ. ಮಹಾರಾಷ್ಟ್ರದಲ್ಲಿ ಇದಕ್ಕೆ 'ಸ್ನೇಹಭೋಜನ' ಎಂದು ಹೆಸರು, ಕರ್ನಾಟಕದಲ್ಲಿ 'ಶಾಲೆಗಾಗಿ ನಾವು ನೀವು'. ಮಗುವಿನ ಹುಟ್ಟುಹಬ್ಬ, ಹಿರಿಯರ ಶ್ರಾದ್ಧ, ಮದುವೆಯ ವಾರ್ಷಿಕ ದಿನ ಇಂತಹ ಸಂದರ್ಭಗಳಲ್ಲಿ ಒಂದು ಕುಟುಂಬ ಸರಕಾರಿ ಶಾಲೆಯ ಊಟಕ್ಕೆ ತನ್ನ ಕಡೆಯಿಂದ ಹೆಚ್ಚಿನ ಪದಾರ್ಥವನ್ನು ಸೇರಿಸಬಹುದು. ಜಿಲೇಬಿಗಿಂತ ಬಾಳೆಹಣ್ಣು, ಶೇಂಗಾ ಚಿಕ್ಕಿ, ಮೊಳಕೆ ಕಾಳಿನ ಉಸಲು ಮೇಲು. ದಾನಕ್ಕಿಂತಲೂ ದೊಡ್ಡ ಲಾಭವೆಂದರೆ ಆ ನೆಪದಲ್ಲಿ ಶಾಲೆಯ ಅಡಿಗೆಮನೆಯನ್ನು ಕಾಣುವಿರಿ. ದಿನದ ಬೇಳೆ ಎಷ್ಟು ತೆಳ್ಳಗಿದೆಯೆಂದು ಹೋಟೆಲಿನ ಕಣ್ಣಿಗೆ ಒಂದೇ ನೋಟದಲ್ಲಿ ತಿಳಿಯುತ್ತದೆ. ಕಾಯಿದೆಯ ಪ್ರಮಾಣದಂತೆ ಒಂದರಿಂದ ಐದನೆಯ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ ಬೀಳಬೇಕು. ಐವತ್ತು ಮಕ್ಕಳಿಗೆ ಒಂದು ಕಿಲೋ ಬೇಳೆ ಎಂದು ಲೆಕ್ಕ ಹಾಕಿಕೊಳ್ಳಿರಿ.

ಶಾಲೆಯಲ್ಲಿ ಉಣ್ಣಿಸುವ ವಿಚಾರ ಸರಕಾರದಿಂದಲೇ ಹುಟ್ಟಿತೆಂದು ತಿಳಿಯಬೇಕಾಗಿಲ್ಲ. 1920ರಲ್ಲಿ ಮದರಾಸು ನಗರಸಭೆ ಪಿಟ್ಟಿ ತ್ಯಾಗರಾಯ ಚೆಟ್ಟಿಯವರ ಅಧ್ಯಕ್ಷತೆಯಲ್ಲಿ ಒಂದು ಶಾಲೆಯ ಮಕ್ಕಳಿಗೆ ತಲೆಗೆ ಒಂದಾಣೆ ಮೀರದಂತೆ ಉಪಾಹಾರ ಕೊಡಲು ನಿಶ್ಚಯಿಸಿತು. ನಮ್ಮ ಮಹಾರಾಷ್ಟ್ರದಲ್ಲಿ ಒಂದು ಮನೆಯೇ ಅದನ್ನು ಮಾಡಿತು. ಕರ್ಮವೀರ ಭಾವುರಾವ್ ಪಾಟೀಲರ ಹೆಸರನ್ನು ಕೇಳದ ಗುಮಾಸ್ತರು ಪನವೇಲಿನ ಕಡೆ ಇರಲಾರರು. ಅವರು 1919ರಲ್ಲಿ ಸ್ಥಾಪಿಸಿದ ರಯತ್ ಶಿಕ್ಷಣ ಸಂಸ್ಥೆಯ ಶಾಲೆಗಳು ಈ ಸೀಮೆಯಲ್ಲೆಲ್ಲ ಹರಡಿವೆ. ಅವರ ಪೂರ್ವಿಕರು ಮೂಡಬಿದಿರೆಯಿಂದ ಹೊಟ್ಟೆಪಾಡಿಗಾಗಿ ಈ ಕಡೆಗೆ ವಲಸೆ ಬಂದ ಜೈನ ಮನೆತನದವರೆಂದು ಚರಿತ್ರಕಾರರು ಬರೆದಿದ್ದಾರೆ; ಎಂದರೆ ನಮ್ಮ ನಿಮ್ಮಂತಹವರೇ. 1924ರಲ್ಲಿ ಸಾತಾರೆಯಲ್ಲಿ ಎಲ್ಲ ಜಾತಿಯ ಬಡ ಮಕ್ಕಳಿಗೂ ಒಂದೇ ಪಂಕ್ತಿಯ ವಸತಿಗೃಹ ತೆರೆದಾಗ ಅಡಿಗೆಯ ಭಾರ ಬಿದ್ದುದು ಅವರ ಪತ್ನಿ ಲಕ್ಷ್ಮೀಬಾಯಿಯವರ ಮೇಲೆ. ಧಾನ್ಯ ತೀರಿದಾಗ ಆ ತಾಯಿ ಒಡವೆಗಳನ್ನು ಒಂದೊಂದಾಗಿ ಮಾರಿ, ಕಡೆಗೆ ಕೊರಳಿನ ಮಂಗಳಸೂತ್ರವನ್ನೂ ಕೊಟ್ಟು ಮಕ್ಕಳಿಗೆ ಅನ್ನವಿಕ್ಕಿದರು. 1930ರಲ್ಲಿ ತೀರಿಕೊಂಡ ಅವರ ಹೆಸರು ಕನ್ನಡಿಗರಲ್ಲಿ ಎಷ್ಟು ಮಂದಿಗೆ ಗೊತ್ತು? ಇಂದು ಯಾರ ಮಂಗಳಸೂತ್ರವೂ ಬೇಕಾಗಿಲ್ಲ. ಸೊರಗಿದ ಮಗು ಯಾವುದೆಂದು ಗುರುತಿಸುವ ಕಣ್ಣಿದ್ದರೂ ಆದೀತು.

ಆ ಗುರುತಿಗೆ ಒಂದು ಸುಲಭವಾದ ಸಾಧನವುಂಟು. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಗುವಿನ ಎಡತೋಳಿನ ನಡುಭಾಗಕ್ಕೆ ಸುತ್ತಿ ನೋಡುವ ಬಣ್ಣದ ಪಟ್ಟಿ ಅಂಗನವಾಡಿಗಳಲ್ಲಿಯೂ ಆಶಾ ಕಾರ್ಯಕರ್ತೆಯರಲ್ಲಿಯೂ ಇರುತ್ತದೆ. ಸುತ್ತಳತೆ 12.5 ಸೆಂಟಿಮೀಟರಿಗಿಂತ ಕಡಿಮೆಯಾದರೆ ಹಳದಿ, 11.5ಕ್ಕಿಂತ ಕಡಿಮೆಯಾದರೆ ಕೆಂಪು. ಕೆಂಪು ಬಂದರೆ ಮನೆಯ ಉಪಚಾರದಲ್ಲಿ ದಿನ ಕಳೆಯದೆ ಪನವೇಲಿನ ಸರಕಾರಿ ಉಪಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಬೇಕು. ಎರಡೂ ಪಾದಗಳಲ್ಲಿ ಬಾವು ಬಂದು, ಬೆರಳಿನಿಂದ ಒತ್ತಿದರೆ ಗುಳಿ ಉಳಿಯುವ ಮಗುವೂ ಅಷ್ಟೇ ಅಪಾಯದಲ್ಲಿದೆ. ನೋಡುವವರು ಮಗು ದುಂಡಗಾಯಿತೆಂದು ಸಂತೋಷಪಡುವುದುಂಟು. ಅಂತಹ ಮಗುವಿಗೆ ಕರುಣೆಯಿಂದ ಒಮ್ಮೆಲೇ ಹೊಟ್ಟೆ ಬಿರಿಯ ಉಣಿಸುವುದೂ ಪ್ರಾಣಕ್ಕೆ ಕುತ್ತು. ವೈದ್ಯರ ಕಣ್ಣೆದುರಿನಲ್ಲಿ ಮೆಲ್ಲಮೆಲ್ಲನೆ ಏರಿಸಬೇಕಾದ ಆಹಾರ ಅದು.

ಹೋಟೆಲಿನ ಬಂಧುಗಳಿಗೆ ಪ್ರತ್ಯೇಕವಾಗಿ ಇನ್ನೊಂದು ವಿಷಯ. ನಮ್ಮ ಹಿರಿಯರ ಪೈಕಿ ಬಹುಮಂದಿ ಹತ್ತು ಹನ್ನೆರಡರ ಎಳೆಹರೆಯದಲ್ಲಿ ಮುಂಬಯಿಗೆ ಬಂದುದು ಊರಿನಲ್ಲಿ ಎರಡು ಹೊತ್ತಿನ ಗಂಜಿಗೆ ದಾರಿಯಿಲ್ಲದೆ. ಹಗಲು ಮೇಜು ಒರಸಿ, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಕಲಿತು ಮೇಲೆ ಬಂದವರ ಕತೆಗಳನ್ನು ನಾವೆಲ್ಲ ಕೇಳಿ ಬೆಳೆದಿದ್ದೇವೆ. ಆ ಕತೆಯನ್ನೇ ಆಧಾರವಾಗಿಟ್ಟುಕೊಂಡು ಈಗಲೂ "ಹುಡುಗನನ್ನು ಕಳುಹಿಸಿ, ಹೊಟ್ಟೆಗಾದರೂ ಸಿಕ್ಕೀತು" ಎಂದು ಊರಿಗೆ ಹೇಳಿ ಕಳುಹಿಸುವವರು ಅಲ್ಲಲ್ಲಿ ಇದ್ದಾರೆ. 2006ರ ಅಕ್ಟೋಬರ್ 10ರಿಂದ ಹದಿನಾಲ್ಕರೊಳಗಿನ ಮಕ್ಕಳನ್ನು ಹೋಟೆಲಿನಲ್ಲಿ ದುಡಿಸುವುದು ನಿಷಿದ್ಧ. 2016ರ ತಿದ್ದುಪಡಿ ಇದನ್ನು ಎಲ್ಲ ಉದ್ಯೋಗಗಳಿಗೂ ಹಬ್ಬಿಸಿತು. ಕಾನೂನು ಹಾಗಿರಲಿ. ಆ ಹುಡುಗನಿಗೆ ಇಂದು ಊರಿನ ಸರಕಾರಿ ಶಾಲೆಯಲ್ಲಿ ಬಿಸಿಯೂಟವಿದೆ, 2013ರಿಂದ ಕ್ಷೀರಭಾಗ್ಯದ ಹಾಲಿದೆ. ಅವನ ಹೊಟ್ಟೆಯ ಚಿಂತೆಯನ್ನು ನೆಪ ಮಾಡುವ ಅವಶ್ಯಕತೆ ಈಗ ಇಲ್ಲ. ಎಲ್ಲಿಯಾದರೂ ಅಂತಹ ಮಗು ಕಂಡುಬಂದರೆ 1098 ಎಂಬ ಸಂಖ್ಯೆಗೆ ಫೋನು ಮಾಡಬಹುದು.

ಇಷ್ಟನ್ನೂ ಓದಿದ ಮೇಲೆ ಎಲ್ಲಿಂದ ಆರಂಭಿಸಬೇಕೆಂದು ಕೇಳುವವರಿಗೆ, ನಿಮ್ಮ ಮನೆಗೆ ಅಥವಾ ಹೋಟೆಲಿಗೆ ಅತ್ಯಂತ ಸಮೀಪದ ಗುಡಿಸಲಿನ ಸಾಲಿನಿಂದ ಎನ್ನುತ್ತೇವೆ. ಅಲ್ಲಿಯ ಹೆಂಗಸರು ನಿಮ್ಮನ್ನು ಮೊದಲು ಮಹಾನಗರಪಾಲಿಕೆಯವರೆಂದು ತಿಳಿದು ಬಾಗಿಲು ಹಾಕಿಯಾರು. "ನಾವೂ ಕನ್ನಡದವರೇ ಅಕ್ಕಾ, ಯಾವ ಊರು ನಿಮ್ಮದು?" ಎಂದು ಕೇಳಿದರೆ ತೆರೆದಾರು. ಮಕ್ಕಳನ್ನು ಎಣಿಸಿ ಪಟ್ಟಿಮಾಡಿ. ತಾಯಿಯ ಆಧಾರ್, ಊರಿನ ರೇಷನ್ ಕಾರ್ಡಿನ ಸಂಖ್ಯೆ ಮತ್ತು ಲಸಿಕೆಯ ಚೀಟಿ ಇದ್ದರೆ ಅವನ್ನೂ ಗುರುತು ಹಾಕಿಕೊಳ್ಳಿ. ಚೀಟಿಯಿಲ್ಲವೆಂದು ಯಾವ ಮಗುವನ್ನೂ ಪಟ್ಟಿಯಿಂದ ಬಿಡಬೇಡಿ. ನಲವತ್ತು ಹೆಸರುಗಳಿಗೆ ಮೇಲ್ಪಟ್ಟು ಪಟ್ಟಿ ಬಂದು, ಸಮೀಪದಲ್ಲಿ ಅಂಗನವಾಡಿ ಇಲ್ಲವೆಂದು ಖಚಿತವಾದರೆ ಆ ಪಟ್ಟಿಯನ್ನು ಈ ಪತ್ರಿಕೆಯ ಕಚೇರಿಗೆ ತಂದುಕೊಡಿ. ಮರಾಠಿಯಲ್ಲಿ ಅರ್ಜಿ ಬರೆಯಿಸುವ ಕೆಲಸವನ್ನು ನಾವು ವಹಿಸಿಕೊಳ್ಳುತ್ತೇವೆ. ಸಲ್ಲಿಸಲು ಪನವೇಲಿನ ಕಚೇರಿಗೆ ಹೋಗುವಾಗ ಪಟ್ಟಿಯಲ್ಲಿ ಹೆಸರಿರುವ ತಾಯಂದಿರಲ್ಲಿ ಇಬ್ಬರಾದರೂ ಜೊತೆಗಿರಬೇಕು. ಅವರ ಆ ದಿನದ ಕೂಲಿಯನ್ನು ಯಾರು ತುಂಬಿಕೊಡುವುದೆಂಬುದನ್ನು ಮೊದಲೇ ಗೊತ್ತುಮಾಡಿಕೊಂಡು ಬನ್ನಿರಿ.